ಪಟಾಲಮ್ಮನಕೆರೆ ಜಂಕ್ಷನ್ನಿನ ಟೋಕನ್

ಡ್ರೈವರ್ ಲಕ್ಕಣ್ಣ ಕೂಗಿಕೊಂಡಾಗ ಒಂಬತ್ತು ಗಂಟೆಗೆ ಇನ್ನೂ ಐದು ನಿಮಿಷವಿತ್ತು.

"ಟೋಕನ್ ಇಲ್ಲ ಕಣ್ರೀ! ಮೊಳೆ ಮೇಲೆ ಟೋಕನ್ನೇ ಇಲ್ಲ!"

ಎರಡು ಹಳಿ ದಾಟಿ ಬಂದ ಆ ಕೂಗು ಟಿಕೆಟ್ ಕಿಟಕಿಯಲ್ಲಿ ಕೂತಿದ್ದ ಆನಂದಪ್ಪನಿಗೆ ಕೇಳಿಸಿತು. ಟೋಕನ್ ಅಂದರೆ ಹಿತ್ತಾಳೆಯ ಒಂದು ಚೆಂಡು. ಚರ್ಮದ ಚೀಲದಲ್ಲಿಟ್ಟು, ಮೊರದಗಲದ ಬೆತ್ತದ ಬಳೆಗೆ ಕಟ್ಟಿರುತ್ತಾರೆ. ಅದು ಕೈಗೆ ಬಂದರೆ ಮಾತ್ರ ಒಂಟಿ ಹಳಿಯ ಮೇಲೆ ಡ್ರೈವರ್ ಗಾಡಿ ಬಿಡಬೇಕು. ಇಲ್ಲದಿದ್ದರೆ ಸಾಕ್ಷಾತ್ ಬ್ರಹ್ಮ ಬಂದು ಹೇಳಿದರೂ ಬಿಡುವಂತಿಲ್ಲ. ಎದುರಿನಿಂದ ಇನ್ನೊಂದು ಗಾಡಿ ಬಂದರೆ ಗತಿಯೇನು? ಪಟಾಲಮ್ಮನಕೆರೆಯಿಂದ ದೇವನಹಳ್ಳಿ ಕಡೆಗೆ ಹೋಗುವ ಚಿಕ್ಕ ಗಾಡಿಗೆ ಇದ್ದದ್ದು ಒಂದೇ ಒಂದು ಟೋಕನ್.

ಆನಂದಪ್ಪ ಕಾಫಿ ಲೋಟ ಅಲ್ಲೇ ಕುಕ್ಕಿ ಓಡಿದ. ಸುರಂಗದ ಹದಿನೆಂಟು ಮೆಟ್ಟಿಲು ಇಳಿದು, ಒದ್ದೆ ಹಾದಿ ದಾಟಿ, ಆ ಕಡೆಯ ಹದಿನೆಂಟು ಹತ್ತಿ ಚಿಕ್ಕ ಪ್ಲಾಟ್‌ಫಾರಂ ಮುಟ್ಟುವಷ್ಟರಲ್ಲಿ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಅವನ ಹಿಂದೆಯೇ, ಅದೇ ಸುರಂಗದಿಂದ, ಏದುಸಿರು ಬಿಡುತ್ತ ಹತ್ತಿ ಬಂದವನು ಮುದುಕ ಪಿಳ್ಳಪ್ಪ.

"ಲಕ್ಕಣ್ಣ, ಯಾಕೋ ಇಷ್ಟು ಬೇಗ ಬಂದ್ಬುಟ್ಟೆ? ಈಗಿನ್ನೂ ಎಂಟೂ ಮುಕ್ಕಾಲಲ್ವೇನೋ!" ಅಂದ ಪಿಳ್ಳಪ್ಪ.

ಆ ಗಲಾಟೆಯಲ್ಲಿ ಅವನ ಮಾತನ್ನು ಕೇಳುವವರು ಯಾರು? ಗಾಡಿಯಲ್ಲಿ ಕೂತಿದ್ದ ಜನ ಕಿಟಕಿಯಿಂದ ತಲೆ ಹಾಕಿ ಬೈಯುತ್ತಿದ್ದರು. ಪ್ಲಾಟ್‌ಫಾರಂನ ತುದಿಯಲ್ಲಿ, ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಖಾದರ್ ಬಾಷಾ, ಬಿಚ್ಚಿದ ಹಸಿರು ಬಾವುಟ ಕೈಯಲ್ಲೇ ಹಿಡಿದುಕೊಂಡು, ಬಿಟ್ಟ ಬಾಯಿ ಬಿಟ್ಟಂತೆ ನಿಂತಿದ್ದ.

"ಎಂಟೂ ನಲ್ವತ್ತಕ್ಕೆ ನಾನೇ ನೇತುಹಾಕಿದೆ ಸಾರ್. ಖುದಾ ಕಸಂ, ಈ ಕೈಯಲ್ಲೇ ಹಾಕಿದೆ," ಅಂದ.

ಇಡೀ ಸ್ಟೇಷನ್ ಜಾಲಾಡಿದರೂ ಟೋಕನ್ ಸಿಗಲಿಲ್ಲ. ತಂತಿ ಹೋಯಿತು, ಮೇಲಿನವರ ಬರಹದ ಅಪ್ಪಣೆ ಬಂತು, ಗಾಡಿ ಮೂರು ಗಂಟೆ ತಡವಾಗಿ ಹೊರಟಿತು. ಅದರ ಜೊತೆಗೇ ಇನ್ನೊಂದು ಅಪ್ಪಣೆಯೂ ಬಂದಿತ್ತು: ಖಾದರ್ ಬಾಷಾ ಸಸ್ಪೆಂಡು, ನಾಳೆ ಹತ್ತಕ್ಕೆ ವಿಚಾರಣೆಗೆ ಸಾಹೇಬರು ಬರುತ್ತಾರೆ. ಖಾದರ್ ರಿಟೈರಾಗಲು ಉಳಿದಿದ್ದದ್ದು ಮೂರೇ ತಿಂಗಳು. ಕೆಲಸದಿಂದ ತೆಗೆದರೆ ಪಿಂಚಣಿ ಇಲ್ಲ, ಮನೆಯೂ ಇಲ್ಲ. ವಯಸ್ಸಾದ ಹೆಂಡತಿ ಜೈನಾಬ್‌ಳನ್ನು ಕರೆದುಕೊಂಡು ಯಾರ ಮನೆ ಬಾಗಿಲಿಗೆ ಹೋಗಬೇಕು?

ಆ ಸ್ಟೇಷನ್ನಿನ ಚರಿತ್ರೆ ಸ್ವಲ್ಪ ಹೇಳಲೇಬೇಕು, ಇಲ್ಲದಿದ್ದರೆ ಕತೆ ಮುಂದೆ ಹೋಗುವುದಿಲ್ಲ. ಯಶವಂತಪುರಕ್ಕೂ ಯಲಹಂಕಕ್ಕೂ ನಡುವೆ ಮೊದಲು ಬಂದದ್ದು ದೊಡ್ಡ ಹಳಿ. ಆಮೇಲೆ ಬಂದದ್ದು ಇನ್ನೊಂದು ಕಂಪನಿಯ ಚಿಕ್ಕ ಹಳಿ. ಎರಡು ಕಂಪನಿಗೂ ಎಣ್ಣೆ ಸೀಗೆಕಾಯಿ. ಅವರಿಗೊಂದು ಪ್ಲಾಟ್‌ಫಾರಂ, ಇವರಿಗೊಂದು. ಅವರಿಗೊಬ್ಬ ಮಾಸ್ತರು, ಇವರಿಗೊಬ್ಬ. ನಡುವೆ ಜನ ಹಳಿ ದಾಟಿ ಸಾಯಬಾರದೆಂದು ಒಂದು ಸುರಂಗ ತೋಡಿದರು. ಬೋರ್ಡಿನ ಮೇಲೆ 'ಸಬ್‌ವೇ' ಎಂದಿದ್ದರೂ ಊರವರ ಬಾಯಲ್ಲಿ ಸುರಂಗವೇ. ಯುದ್ಧದ ಕಾಲಕ್ಕೆ ಮಿಲಿಟರಿಯವರು ಬಂದು, ಸುರಂಗದ ನಡುವಿನಿಂದ ಎಡಕ್ಕೆ ಮೂರನೆಯದೊಂದು ಮೆಟ್ಟಿಲ ಸಾಲು ಕಟ್ಟಿ ತಮ್ಮ ಡಬ್ಬಿಗಳು ನಿಲ್ಲುವ ಪಕ್ಕದ ಹಳಿಗೆ, ಅಂದರೆ ಸೈಡಿಂಗಿಗೆ, ದಾರಿ ಮಾಡಿಕೊಂಡರು. ಯುದ್ಧ ಮುಗಿಯಿತು, ಸೈಡಿಂಗ್ ಕಿತ್ತರು, ಆ ಬಾಯಿಗೆ ತಗಡು ಹೊಡೆದರು. ಕಂಪನಿಗಳೂ ಹೋಗಿ ಎಲ್ಲ ಒಂದೇ ರೈಲ್ವೆ ಆಯಿತು. ಚಿಕ್ಕ ಪ್ಲಾಟ್‌ಫಾರಂನ ಹಳೆ ಆಫೀಸಿನಲ್ಲಿ ಕೊನೆಗೆ ಉಳಿದದ್ದು ಟೋಕನ್ ನೇತುಹಾಕುವ ಒಂದು ಮೊಳೆ, ಒಂದು ಬೆಂಚು, ಒಂದು ಗಡಿಯಾರ.

ಆ ಗಡಿಯಾರ ಯಾವಾಗಲೂ ಹತ್ತು ನಿಮಿಷ ಮುಂದೆ. ಕೆಟ್ಟದ್ದಲ್ಲ, ಬೇಕಂತಲೇ ಹಾಗೆ ಇಟ್ಟದ್ದು. ತರಕಾರಿ ಮಂಕರಿ ಹೊತ್ತ ಹೆಂಗಸರು ಮಾತಾಡುತ್ತ ಕೂತು, ಸುರಂಗ ಇಳಿದು ಹತ್ತುವಷ್ಟರಲ್ಲಿ ದೊಡ್ಡ ಗಾಡಿ ಹೋಗಿಬಿಡುತ್ತಿತ್ತು. ಅದಕ್ಕೇ ಹಿಂದಿನ ಮಾಸ್ತರೊಬ್ಬರು ಮುಳ್ಳು ಮುಂದೆ ತಳ್ಳಿದ್ದರು. ಮೂವತ್ತು ವರ್ಷದಿಂದ ಊರಿಗೆ ಊರೇ ಆ ಗಡಿಯಾರ ನೋಡಿ ಮನಸ್ಸಿನಲ್ಲೇ ಹತ್ತು ಕಳೆಯುತ್ತಿತ್ತು. ಅವತ್ತು ಬೆಳಗ್ಗೆ ಎಂಟು ಗಂಟೆಗೆ ಗಡಿಯಾರ ರಿಪೇರಿಯವನು ಬಂದು, "ಇದೇನ್ರೀ ಅನ್ಯಾಯ" ಅಂದುಕೊಂಡು ಟೈಮ್ ಸರಿ ಮಾಡಿ, ಆನಂದಪ್ಪನ ಸಹಿ ಹಾಕಿಸಿಕೊಂಡು, ಎಂಟೂ ಇಪ್ಪತ್ತೈದರ ಗಾಡಿಗೆ ಹೊರಟುಹೋಗಿದ್ದ.

ಮಧ್ಯಾಹ್ನ ಸ್ಟೇಷನ್ ಮಾಸ್ತರು ಮುನಿಕೃಷ್ಣಪ್ಪ ತಲೆ ಮೇಲೆ ಕೈ ಹೊತ್ತು ಕೂತರು. "ತರಕಾರಿ ವ್ಯಾಪಾರಿ ಚಿಕ್ಕಬೈರಪ್ಪನೇ ಕಣಯ್ಯಾ. ಬೆಳಗ್ಗೆ ತಾನೇ ಖಾದರ್ ಜೊತೆ ಜಗಳ ಆಡಿದ್ದ. ಬದನೆಕಾಯಿ ಮೂಟೆ ಜನರ ಡಬ್ಬಿಗೆ ಹಾಕೋಕೆ ಬಿಡಲಿಲ್ಲ ಅಂತ, 'ನಿನ್ನ ಕೆಲಸ ತೆಗೆಸ್ತೀನಿ' ಅಂದಿದ್ದನಂತೆ. ಅವನಲ್ಲ ಅಂದ್ರೆ ಖಾದರೇ ಎಲ್ಲೋ ಬೀಳಿಸಿ ಸುಳ್ಳು ಹೇಳ್ತಿದ್ದಾನೆ. ಇನ್ನೇನು?"

"ಗೋಪಾಲಮ್ಮನ್ನ ಕೇಳಿದ್ರಾ ಸಾರ್?" ಅಂದ ಆನಂದಪ್ಪ.

ಗೋಪಾಲಮ್ಮ ಹೆಂಗಸರ ವೇಟಿಂಗ್ ರೂಮಿನ ಆಯಾ. ದೊಡ್ಡ ಪ್ಲಾಟ್‌ಫಾರಂನಲ್ಲಿ ಸುರಂಗದ ಬಾಯಿಗೆ ಎದುರಾಗಿ ಆ ರೂಮಿನ ಬಾಗಿಲು. ಬಾಗಿಲಲ್ಲಿ ಎಲೆಅಡಿಕೆ ತಟ್ಟೆ ಇಟ್ಟುಕೊಂಡು ಆಕೆ. ಗಂಡ ತೀರಿಹೋಗಿ ಇಪ್ಪತ್ತು ವರ್ಷ, ಮಕ್ಕಳಿಲ್ಲ, ರೂಮಿನ ಹಿಂದಿನ ಗೂಡೇ ಮನೆ. ಸ್ಟೇಷನ್ನಿನಲ್ಲಿ ಏನು ಕಳೆದರೂ ಪೊಲೀಸರಿಗಿಂತ ಮೊದಲು ಆಕೆಗೆ ಹೇಳುವುದು ವಾಡಿಕೆ. ಹೋದ ವರ್ಷ ಮದುವಣಗಿತ್ತಿಯ ಟ್ರಂಕು ಅದಲುಬದಲಾದಾಗ, ಹೊತ್ತ ಕೂಲಿಯ ಹೆಗಲ ಮೇಲಿನ ಮಣ್ಣು ನೋಡಿಯೇ ಅದು ಯಾವ ಊರಿಗೆ ಹೋಗಿದೆ ಅಂತ ಹೇಳಿದ್ದಳು ಪುಣ್ಯಾತ್ಗಿತ್ತಿ.

ಆನಂದಪ್ಪನಿಗೂ ಆಕೆಯೇ ದಿಕ್ಕು. ಮಾಕಳಿಯಿಂದ ಬಂದು ಎರಡು ವರ್ಷವಾದರೂ ಅವನಿಗೊಬ್ಬ ಗೆಳೆಯನಿರಲಿಲ್ಲ. ದಿನಕ್ಕೆ ಮುನ್ನೂರು ಜನರ ಕೈ ಅವನ ಕಿಟಕಿಯೊಳಗೆ ಬರುತ್ತಿತ್ತು, ಒಬ್ಬರ ಮುಖವೂ ನೆನಪಿರುತ್ತಿರಲಿಲ್ಲ. ಸಂಜೆಯ ಗಾಡಿಯಿಂದ ಇಳಿದವರೆಲ್ಲ ಯಾರದೋ ಮನೆಗೆ ಹೋಗುವಾಗ ಅವನು ಗೋಪಾಲಮ್ಮನ ಬಾಗಿಲಲ್ಲಿ ಬಂದು ನಿಲ್ಲುತ್ತಿದ್ದ. ಅಲ್ಲಿ ಪಿಳ್ಳಪ್ಪನೂ ಇರುತ್ತಿದ್ದ. ಪಿಳ್ಳಪ್ಪ ಖಾದರ್‌ಗಿಂತ ಮೊದಲು ಇಲ್ಲಿ ಪಾಯಿಂಟ್ಸ್‌ಮನ್ ಆಗಿದ್ದವನು. ಮೂವತ್ತು ವರ್ಷ ಟೋಕನ್ ಹೊತ್ತವನು. ರಿಟೈರಾದ ಮೇಲೂ ದಿನಾ ಬೆಳಗ್ಗೆ ಚಿಕ್ಕ ಪ್ಲಾಟ್‌ಫಾರಂನ ಬೆಂಚಿನ ಮೇಲೆ ಕೂತು ಒಂಬತ್ತರ ಗಾಡಿ ಕಳಿಸಿ, ವಾಪಸು ಬರುವಾಗ ಗೋಪಾಲಮ್ಮ ಮಡಿಸಿಟ್ಟ ಎಲೆ ಹಾಕಿಕೊಂಡು ಹೋಗುತ್ತಿದ್ದ. ಮಾತಾಡಲು ಆಕೆಗೆ ಅವನು, ಅವನಿಗೆ ಆಕೆ.

ಎಲ್ಲ ಕೇಳಿ ಗೋಪಾಲಮ್ಮ ಅಡಿಕೆ ಕತ್ತರಿಸುತ್ತಲೇ ಅಂದಳು: "ಆನಂದಪ್ಪ, ಬೆಳಗ್ಗೆ ಆ ಕಡೆ ಹೋಗೋಕೆ ಈ ಸುರಂಗ ಬಿಟ್ರೆ ಬೇರೆ ದಾರಿ ಇತ್ತಾ?"

"ಇಲ್ಲಮ್ಮ. ಹಳಿ ಮೇಲೆ ಗೂಡ್ಸ್ ಡಬ್ಬಿ ಸಾಲಾಗಿ ನಿಂತಿದ್ವು. ಊರ ಕಡೆ ಗೇಟಿಗೆ ಬೀಗ, ಕೀ ಮಾಸ್ತರ ಜೇಬಲ್ಲಿ."

"ಅಂಗಾದ್ರೆ ಹೋದೋರು ಬಂದೋರು ಎಲ್ಲಾ ನನ್ನ ಕಣ್ಮುಂದೇನೇ. ಗಾಡಿ ಜನ ಎಂಟೂ ಕಾಲಿಗೇ ಹೋಗಿ ಕೂತ್ರು. ಆಮೇಲೆ ಹೋದೋರು ಮೂರೇ ಜನ. ಎಂಟೂವರೆಗೆ ಚಿಕ್ಕಬೈರಪ್ಪ, ಅವನ ಹಿಂದೆ ಪಿಳ್ಳಪ್ಪ, ಆಮೇಲೆ ಟೋಕನ್ ತಗೊಂಡು ಖಾದರ್. ಮುಕ್ಕಾಲಿಗೆ ಚಿಕ್ಕಬೈರಪ್ಪ ಉಸ್ಸಂತ ವಾಪಸ್ ಬಂದ." ಆಕೆ ತಟ್ಟೆ ನೋಡಿದಳು. ಮಡಿಸಿಟ್ಟ ಎಲೆಯೊಂದು ಅಲ್ಲೇ ಬಾಡಿತ್ತು. "ಲಾಟೀನ್ ತಗೊಂಬಾ. ಸುರಂಗ ನೋಡೋಣ."

ಸುರಂಗದಲ್ಲಿ ಹಗಲೂ ಮಬ್ಬೇ. ಮೇಲೆ ಗೂಡ್ಸ್ ಡಬ್ಬಿಗಳನ್ನು ಎಳೆಯುತ್ತಿದ್ದ ಸದ್ದಿಗೆ ಗೋಡೆಯ ಸುಣ್ಣ ಉದುರುತ್ತಿತ್ತು. ಆನಂದಪ್ಪ ಲಾಟೀನು ಹಿಡಿದು ಮುಂದೆ ಇಳಿದ. ನಡುವಿನಲ್ಲಿ, ಎಡಗಡೆ, ಮಿಲಿಟರಿ ಮೆಟ್ಟಿಲಿನ ತಗಡು. ಗೋಪಾಲಮ್ಮ ಅದನ್ನು ಬೆರಳಿಂದ ತಳ್ಳಿದಳು. ಕೆಳಗಿನ ಮೂರು ಮೊಳೆ ಯಾವಾಗಲೋ ಕಿತ್ತುಹೋಗಿದ್ದವು. ತಗಡು ಬಾಗಿಲಿನ ಹಾಗೆ ಸರಿಯಿತು. ಒಳಗೆ ಜೇಡರಬಲೆ ಹರಿದು ತೂಗಾಡುತ್ತಿತ್ತು. ಮೂರನೇ ಮೆಟ್ಟಿಲ ಮೇಲೆ ಬೆತ್ತದ ಬಳೆ, ಚೀಲ, ಚೀಲದೊಳಗೆ ಟೋಕನ್!

"ಸಿಕ್ತು!" ಎಂದು ಆನಂದಪ್ಪ ಕುಣಿದೇಬಿಟ್ಟ.

ಗೋಪಾಲಮ್ಮ ಚೆಂಡನ್ನು ಲಾಟೀನಿಗೆ ಹಿಡಿದಳು. ಹಿತ್ತಾಳೆಯ ಒಂದು ಮಗ್ಗುಲಿಗೆ ಕೆಂಪಗೆ ಏನೋ ಮೆತ್ತಿತ್ತು. ಸಿಗ್ನಲ್ ಕಂಬದ ಬಣ್ಣವಿರಬೇಕು ಅಂದುಕೊಂಡ ಆನಂದಪ್ಪ. ಗೋಪಾಲಮ್ಮ ಬೆರಳಿಗೆ ಹತ್ತಿಸಿಕೊಂಡು ಮೂಸಿದಳು. ಆಮೇಲೆ ಆ ಮೆಟ್ಟಿಲ ಮೇಲೇ ಕುಸಿದು ಕೂತಳು.

"ಏನಮ್ಮ? ಖಾದರ್ ಬಚಾವಾದ, ಅಲ್ವಾ?"

"ಎಲ್ಲಿ ಬಚಾವು? ಅವನೇ ಬಚ್ಚಿಟ್ಟ ಅಂತಾರೆ. ಯಾರು ಇಟ್ರು ಅಂತ ಏಳೋವರೆಗೂ ಅವನ ತಲೆ ಮೇಲಿನ ಕತ್ತಿ ಇಳಿಯಲ್ಲ." ಟೋಕನ್ನನ್ನು ಸೆರಗಿನೊಳಗೆ ಇಟ್ಟುಕೊಂಡಳು. "ಬೆಳಗಾಗೋವರೆಗೂ ಯಾರಿಗೂ ಬಾಯಿ ಬಿಡಬ್ಯಾಡ."

ಸಂಜೆ ಆಕೆ ಎಲೆಅಡಿಕೆ ತಟ್ಟೆ ಹಿಡಿದುಕೊಂಡು ಹಳೆ ಸೈಡಿಂಗಿನ ಕಡೆ ನಡೆದುಹೋದದ್ದನ್ನು ಆನಂದಪ್ಪ ನೋಡಿದ. ಅರ್ಧ ಗಂಟೆಯಾದ ಮೇಲೆ ವಾಪಸು ಬಂದಳು. ತಟ್ಟೆಯಲ್ಲಿ ಒಂದೆಲೆಯೂ ಕಮ್ಮಿಯಾಗಿರಲಿಲ್ಲ.

ಮರುದಿನ ಹತ್ತಕ್ಕೆ ವಿಚಾರಣೆಯ ಸಾಹೇಬರು ಬಂದರು. ಗೋಪಾಲಮ್ಮನ ಕೋರಿಕೆಯಂತೆ ಎಲ್ಲರೂ ಹೆಂಗಸರ ವೇಟಿಂಗ್ ರೂಮಿನಲ್ಲಿ ಸೇರಿದರು. ಮಾಸ್ತರು, ಲಕ್ಕಣ್ಣ, ಮುಖ ಗಂಟಿಕ್ಕಿದ ಚಿಕ್ಕಬೈರಪ್ಪ, ಒಂದೇ ರಾತ್ರಿಗೆ ಹತ್ತು ವರ್ಷ ಮುದುಕನಾದ ಖಾದರ್, ಮೂಲೆಯಲ್ಲಿ ಪಿಳ್ಳಪ್ಪ.

ಗೋಪಾಲಮ್ಮ ಸೆರಗು ಸರಿಸಿ ಟೋಕನ್ ಮೇಜಿನ ಮೇಲಿಟ್ಟಳು.

"ಸುರಂಗದಾಗೆ, ಮಿಲಿಟರಿ ಮೆಟ್ಟಲ ಮೇಲೆ ಸಿಕ್ತು ಸ್ವಾಮಿ. ಖಾದರ್ ಅಲ್ಲಿಟ್ಟಿಲ್ಲ. ಟೋಕನ್ ಹಿಡ್ಕೊಂಡು ಅವನು ಹೋದದ್ದನ್ನ ನಾನೂ ನೋಡಿದೀನಿ, ಆನಂದಪ್ಪನೂ ನೋಡವ್ನೆ. ನೇತಾಕಿ ನೆಟ್ಟಗೆ ಪಾಯಿಂಟಿಗೆ ಹೋದ. ಲಕ್ಕಣ್ಣ, ಇಂಜಿನ್ನಿಂದ ನಿಂಗೆ ಕಾಣ್ತಿದ್ನಾ?"

"ಪೂರಾ ಕಾಣ್ತಿದ್ದ. ಒಂದು ಹೆಜ್ಜೆ ಕದಲಲಿಲ್ಲ," ಅಂದ ಲಕ್ಕಣ್ಣ.

"ಚಿಕ್ಕಬೈರಪ್ಪನಿಗೆ ಕೋಪ ಇತ್ತು, ನಿಜ. ಆದ್ರೆ ಮೊರದಗಲದ ಬಳೆ ಎಲ್ಲಿ ಬಚ್ಚಿಡ್ತಾನೆ? ಮೈಮೇಲೆ ಒಂದು ಶರ್ಟು, ಒಂದು ಪಂಚೆ."

"ಸುರಂಗದಲ್ಲೇ ಇಟ್ಟು ಬಂದಿರಬಹುದಲ್ಲ?" ಅಂದರು ಸಾಹೇಬರು.

"ಇಟ್ಟಿರಬೌದು ಸ್ವಾಮಿ. ಅದನ್ನ ಅಲ್ಲ ಅಂತ ಏಳಿದ್ದು ಈ ಕೆಂಪು." ಆಕೆ ಚೆಂಡನ್ನು ತಿರುಗಿಸಿ ತೋರಿಸಿದಳು. "ಇದು ಬಣ್ಣ ಅಲ್ಲ, ಕುಂಕುಮ. ಬೆರಳಲ್ಲಿ ಇಟ್ಟಿದ್ದಲ್ಲ, ಹಣೆಗೆ ಒತ್ತಿಕೊಂಡಾಗ ಮೆತ್ತಿದ್ದು. ಹಗೆ ಸಾಧಿಸೋಕೆ ಕದ್ದೋನು ಯಾವ ಹೆಣ್ಣಿನ ಹಣೆಗೆ ಒತ್ತಿಸ್ತಾನೆ? ಅಂದ್ರೆ ಟೋಕನ್ನು ಮೊದ್ಲು ಆ ಮೆಟ್ಟಲು ಹತ್ತಿ ಆಚೆ ಹೋಗಿ, ಒಂದು ಮನೆ ಹೊಕ್ಕು ಬಂದೈತೆ."

ಮೂಲೆಯಲ್ಲಿ ಯಾರೋ ಕೆಮ್ಮಿದರು. ಗೋಪಾಲಮ್ಮ ಆ ಕಡೆ ನೋಡಲಿಲ್ಲ.

"ಆ ಕಡೆ ಹೋದ ಇನ್ನೊಬ್ಬ ನನ್ನ ಮುಂದೆ ವಾಪಸ್ ಬರಲೇ ಇಲ್ಲ. ಅವನಿಗಂತ ಮಡಿಸಿದ ಎಲೆ ತಟ್ಟೇಲೇ ಬಾಡೋಯ್ತು. ಆದ್ರೂ ಕೂಗಾಟ ಆದಾಗ ಆನಂದಪ್ಪನ ಹಿಂದೆ ಸುರಂಗದಿಂದಲೇ ಹತ್ತಿ ಬಂದ. ಬಂದೋನು ಏನಂದ, ಆನಂದಪ್ಪ?"

"'ಈಗಿನ್ನೂ ಎಂಟೂ ಮುಕ್ಕಾಲಲ್ವೇನೋ' ಅಂದ್ರು."

"ಆಗ ನಿಜವಾದ ಟೈಮು?"

"ಒಂಬತ್ತಕ್ಕೆ ಮೂರು ನಿಮಿಷ ಇತ್ತು."

"ಇಷ್ಟೇ ಸ್ವಾಮಿ. ಗಡಿಯಾರ ಸರಿ ಮಾಡಿದ್ದು ಅವನಿಗೆ ಗೊತ್ತಿಲ್ಲ. ಅಭ್ಯಾಸಬಲ, ಹತ್ತು ಕಳೆದ. ಖಾದರ್ ಆಚೆ ಹೋದ್ಮೇಲೆ ಗಡಿಯಾರ ಎಂಟೂ ನಲ್ವತ್ತೆರಡು ತೋರಿಸ್ತಿದ್ದಾಗ ಅವನ ಲೆಕ್ಕಕ್ಕೆ ಮೂವತ್ತೆರಡು. ಲಕ್ಕಣ್ಣ ಟೋಕನ್ ತಗೊಳ್ಳೋದು ಐವತ್ತೈದಕ್ಕೆ. ಹೋಗಿ ಬರೋಕೆ ಬೇಕಾದ್ದು ಹದಿನಾಲ್ಕು ನಿಮಿಷ, ನೆನ್ನೆ ಸಂಜೆ ನಾನೇ ನಡೆದು ನೋಡಿದೀನಿ. ಒಂದೇ ಒಂದು ನಿಮಿಷ ತಡ ಆಯ್ತು. ಕೂಗಾಟ ಕೇಳಿ ಹೆದರಿ, ಟೋಕನ್ ಅಲ್ಲೇ ಬಿಟ್ಟು ಬಂದ." ಆಗ ಆಕೆ ಮೂಲೆಯ ಕಡೆ ತಿರುಗಿದಳು. "ನೆನ್ನೆ ಹಳೆ ಸೈಡಿಂಗ್ ಪಕ್ಕದ ನಿನ್ನ ಮನೆಗೆ ಬಂದು ಕೂತಿದ್ನಲ್ಲಾ ಪಿಳ್ಳಪ್ಪ. ನಿಜ ನೀನೇ ಬಾಯಿಬಿಟ್ಟು ಏಳ್ತೀಯ ಅಂತ ಕಾದೆ. ಯಾಕೋ ಏಳಲಿಲ್ಲ?"

ಪಿಳ್ಳಪ್ಪ ಎದ್ದು ನಿಂತ.

"ನನ್ನ ಹೆಂಡತಿ ಮುನಿವೆಂಕಟಮ್ಮ ಸ್ವಾಮಿ... ಕಣ್ಣು ಹೋಗಿ ವರ್ಷ ಆಯ್ತು, ಹಾಸಿಗೆ ಬಿಟ್ಟು ಏಳಲ್ಲ. ನಾನು ಡ್ಯೂಟಿಯಾಗಿದ್ದಾಗ ದಿನಾ ಬೆಳಗ್ಗೆ ಟೋಕನ್ನ ಕಿಟಕೀಲಿ ಕೊಡ್ತಿದ್ದೆ. ಹಣೆಗೊತ್ಕೊಂಡು, 'ಹೋದೋರೆಲ್ಲ ಮನೆ ಸೇರಲಿ' ಅಂತ ಕೊಡೋಳು. ಈಗ ಒಂದು ವಾರದಿಂದ ಅದೇ ಹಟ. 'ಒಂದ್ಸಲ ಮುಟ್ಟಿಸು' ಅಂತ. ನೆನ್ನೆ ಖಾದರ್ ಬೇಗ ನೇತಾಕವ್ನೆ, ದೇವರೇ ಹತ್ತು ನಿಮಿಷ ಕೊಟ್ಟ ಅಂದ್ಕೊಂಡ್ಬುಟ್ಟೆ." ಟವಲಿನಲ್ಲಿ ಮುಖ ಮುಚ್ಚಿಕೊಂಡ. "ನಿಜ ಏಳಬೇಕಿತ್ತು. ಹೆದರಿಬುಟ್ಟೆ. ಜೈಲಿಗಾಕಿದ್ರೆ ಅವಳಿಗೆ ನೀರು ಕೊಡೋರು ಯಾರು ಅಂತ ಹೆದರಿಬುಟ್ಟೆ."

ಖಾದರ್ ಬಾಷಾ ರೇಗಿದ. "ಅಣ್ಣಾ ಅಂತ ಕರೀತಿದ್ನಲ್ಲ ನಿನ್ನ! ನನ್ನ ಬಾಯಿಗೆ ಮಣ್ಣು ಹಾಕೋಕೆ ಹೊರಟ್ಯಲ್ಲ! ನನ್ನನ್ನ ಒಂದು ಮಾತು ಕೇಳಬಾರದಿತ್ತಾ?"

"ಕೇಳಿದ್ದೆ ಕಣೋ ಖಾದರ್. ಮೊನ್ನೆ ಕೇಳಿದ್ದೆ. 'ರೂಲ್ಸ್ ಇಲ್ಲ ಅಣ್ಣ, ಮೂರೇ ತಿಂಗಳು ಉಳಿದಿರೋದು' ಅಂತ ನೀನೇ ಅಂದೆ."

ಖಾದರ್ ಮೆಲ್ಲಗೆ ಬೆಂಚಿನ ಮೇಲೆ ಕೂತುಬಿಟ್ಟ.

ಸಾಹೇಬರು ಬಹಳ ಹೊತ್ತು ಬರೆದರು. ಖಾದರ್ ಬಾಷಾನ ತಪ್ಪಿಲ್ಲ, ನಾಳೆಯಿಂದ ಡ್ಯೂಟಿಗೆ. ಪಿಳ್ಳಪ್ಪನನ್ನು ಪೊಲೀಸರಿಗೆ ಒಪ್ಪಿಸುವುದಿಲ್ಲ; ಆದರೆ ಇನ್ನು ಮುಂದೆ ಅವನು ಈ ಸ್ಟೇಷನ್ನಿನೊಳಗೆ ಕಾಲಿಡಕೂಡದು. "ಇಷ್ಟಾದರೂ ಮಾಡದಿದ್ದರೆ ನನ್ನ ಕೆಲಸ ಹೋಗುತ್ತೆ," ಅಂದರು, ಯಾರ ಮುಖವನ್ನೂ ನೋಡದೆ. ಪಿಳ್ಳಪ್ಪ ಕೈ ಮುಗಿದು ಹೊರಟ. ಬಾಗಿಲಲ್ಲಿ ಗೋಪಾಲಮ್ಮನ ಮುಂದೆ ಒಂದು ಗಳಿಗೆ ನಿಂತ.

ಎಲ್ಲರೂ ಹೋದ ಮೇಲೆ ಆನಂದಪ್ಪ ಅಂದ: "ನೀವಿಲ್ಲದಿದ್ದರೆ ಖಾದರ್ ಬೀದಿಪಾಲಾಗ್ತಿದ್ದ, ಅಮ್ಮ."

"ಹೂಂ. ಕಳ್ಳನ್ನ ಹಿಡಿದೆ ಅಂತ ಹಿಗ್ಗಲಾ? ಈ ಸ್ಟೇಷನ್ನಾಗೆ ನನ್ನ ಜೊತೆ ಎರಡು ಮಾತಾಡೋನು ಅಂತ ಇದ್ದದ್ದು ಅವನೊಬ್ಬ," ಅಂದಳು ಗೋಪಾಲಮ್ಮ. ಕಣ್ಣೊರೆಸಿಕೊಂಡಳು. "ನಾನೇ ಕಳಿಸಿಬುಟ್ಟೆ."

ಮಾರನೇ ದಿನ ಬೆಳಗ್ಗೆ ಎಂಟೂ ಕಾಲಿಗೇ ಮಾಸ್ತರು ಬೀರು ತೆಗೆದು ಟೋಕನ್ ಹೊರಗಿಟ್ಟರು. ಖಾದರ್ ಗಡಿಯಾರ ನೋಡಿದ.

"ಇನ್ನೂ ಬೇಜಾನ್ ಟೈಮಿದೆ ಸಾರ್."

"ನಿನಗೂ ವಯಸ್ಸಾಯ್ತು, ನಿಧಾನಕ್ಕೆ ಹೋಗು. ಎಂಟೂ ನಲ್ವತ್ತಕ್ಕೆ ಮೊಳೆ ಮೇಲಿದ್ದರೆ ನನಗೆ ಸಾಕು," ಅಂದರು ಮಾಸ್ತರು, ರಿಜಿಸ್ಟರಿನಿಂದ ತಲೆ ಎತ್ತದೆ.

ಖಾದರ್ ಬಳೆಯನ್ನು ಹೆಗಲಿಗೇರಿಸಿ ಸುರಂಗ ಇಳಿದ. ಕೆಳಗಿನಿಂದ ತಗಡು ಸರಿದ ಸದ್ದು ಬಂತು. ಅವನು ಚಿಕ್ಕ ಪ್ಲಾಟ್‌ಫಾರಂನಲ್ಲಿ ಕಾಣಿಸಿಕೊಂಡದ್ದು ಇಪ್ಪತ್ತು ನಿಮಿಷ ಬಿಟ್ಟು. ಎಂಟೂ ನಲ್ವತ್ತಕ್ಕೆ ಸರಿಯಾಗಿ ನೇತುಹಾಕಿದ. ಒಂಬತ್ತಕ್ಕೆ ಸರಿಯಾಗಿ ಗಾಡಿ ಹೊರಟಿತು. ಬೆಂಚು ಖಾಲಿಯಿತ್ತು.

ಗೋಪಾಲಮ್ಮ ರೂಢಿಯಂತೆ ಎರಡೆಲೆ ಮಡಿಸಿದ್ದಳು. ಒಂದನ್ನು ಬಾಯಿಗೆ ಹಾಕಿಕೊಂಡು, ಇನ್ನೊಂದನ್ನು ಸ್ವಲ್ಪ ಹೊತ್ತು ನೋಡುತ್ತ ಕೂತಳು. ಆಮೇಲೆ ಟಿಕೆಟ್ ಮುಗಿಸಿ ಬಂದು ನಿಂತಿದ್ದ ಆನಂದಪ್ಪನ ಕಡೆ ಚಾಚಿದಳು.

"ತಗೋ. ಇನ್ಮೇಲೆ ನೀನೇ ತಿನ್ನಬೇಕು."

ಆನಂದಪ್ಪ ಹುಟ್ಟಿದಾಗಿನಿಂದ ಎಲೆಅಡಿಕೆ ಮುಟ್ಟಿದವನಲ್ಲ. ಈಸಿಕೊಂಡು, ಬಾಯಿಗೆ ಹಾಕಿಕೊಂಡು, ಪಕ್ಕದ ಮೆಟ್ಟಿಲ ಮೇಲೆ ಕೂತ. ಸುಣ್ಣ ನಾಲಿಗೆ ಸುಟ್ಟು ಕಣ್ಣಲ್ಲಿ ನೀರು ಬಂತು.

"ಸುಣ್ಣ ಜಾಸ್ತಿ ಆಯ್ತೇನಪ್ಪಾ?"

"ಇಲ್ಲಮ್ಮ. ಸರಿಯಾಗೇ ಇದೆ," ಅಂದ ಆನಂದಪ್ಪ.